ಸೋರ್‌ವುಡ್ ತೊರೆಯ ಬಾಚಣಿಗೆ ಹುಳ

ಅಕ್ಟೋಬರ್ 6

ನೆರೆ ಇಳಿದರೂ ಕರೆಂಟ್ ಇನ್ನೂ ಬಂದಿಲ್ಲ. ಬಾವಿಯ ಪಂಪು ನಡೆಯದೆ ಬಕೆಟ್ಟಿನಲ್ಲಿ ನೀರು ಹೊತ್ತು ಹೊತ್ತು ಭುಜ ನೋಯುತ್ತಿದೆ.

ಇವತ್ತು ಒಂದು ಹುಚ್ಚು ಕೆಲಸ ಮಾಡಿದೆ. ಮನೆ ಕಳೆದುಕೊಂಡವರನ್ನು ಇರಿಸಿರುವ ಶಾಲೆಯ ಜಿಮ್‌ಗೆ ನೀರಿನ ಬಾಟಲಿ ಇಳಿಸಲು ಹೋದವಳು ವರ್ಡೀ ಬರ್ಲಿಸನ್‌ಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದೆ. ಡ್ವೇನ್‌ನ ತಾಯಿ. ಡ್ವೇನ್ ನನ್ನ ಗಂಡನಾಗಿದ್ದವನು. ಅದು ಮುರಿದು ಒಂಬತ್ತು ವರ್ಷವಾಯಿತು. ಅಂದಮೇಲೆ ಈ ಮುದುಕಿ ನನಗೆ ಏನಾಗಬೇಕು? ಏನೂ ಆಗಬೇಕಿಲ್ಲ.

ನೆರೆ ಬಂದ ಬೆಳಿಗ್ಗೆ ತೊರೆಯ ತಿರುವಿನಲ್ಲಿದ್ದ ಅವಳ ಮನೆ ಬುಡಸಮೇತ ಎದ್ದು ಹೋಯಿತಂತೆ. ಪಕ್ಕದವರು ಗುಡ್ಡಕ್ಕೆ ಎಳೆದುಕೊಂಡು ಓಡಿದ್ದರಿಂದ ಜೀವ ಉಳಿದಿದೆ. ಜಿಮ್‌ನಲ್ಲಿ ಮಡಚು ಮಂಚದ ಮೇಲೆ, ಯಾರದೋ ಗಂಡಸಿನ ಕೋಟು ತೊಟ್ಟು, ಜೊತೆಯಲ್ಲದ ಎರಡು ಬೂಟು ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಗದ್ದ ಎತ್ತಿದಳು.

"ಏನೇ ಆರ್ಡಿತ್, ಹಾಗೆ ನೋಡ್ತೀಯ? ಮುದುಕರನ್ನ ಕಂಡಿಲ್ವಾ?"

"ಡ್ವೇನ್ ಬರ್ತಾನಾ?"

"ವಯೋಮಿಂಗ್ ಏನು ಪಕ್ಕದ ಬೀದೀನಾ? ರಸ್ತೆ ಸರಿಯಾದ್ಮೇಲೆ ಬರ್ತಾನಂತೆ."

ರಸ್ತೆಯೇ ಹೊಳೆಯಲ್ಲಿದೆ. ಸುತ್ತ ನೋಡಿದೆ. ಒಬ್ಬೊಬ್ಬರನ್ನೂ ಯಾರಾದರೂ ಬಂದು ಕರೆದೊಯ್ಯುತ್ತಿದ್ದರು. "ಏಳಿ" ಎಂದೆ. ಅವಳು ಎದ್ದಳು.

ಒಂದು ವಾರ, ಹೆಚ್ಚೆಂದರೆ ಎರಡು.

ಅಕ್ಟೋಬರ್ 9

ಕಾಲೇಜು ಮುಚ್ಚಿದೆ. ಸೋರ್‌ವುಡ್ ತೊರೆಗೆ ನಡೆದೇ ಹೋದೆ. ಅದನ್ನು ತೊರೆ ಎನ್ನುವ ಹಾಗಿಲ್ಲ. ಕಲ್ಲು, ಪೊದೆ, ಪಾಚಿ ಏನೂ ಉಳಿದಿಲ್ಲ. ತಳದ ಬಂಡೆ ಬೆತ್ತಲೆ ಮಲಗಿದೆ. ಮೂರು ಗಂಟೆ ಹುಡುಕಿದರೂ ಒಂದು ಸಿಗಡಿ ಸಿಗಲಿಲ್ಲ.

ಸಿಗಡಿ ಇಲ್ಲವೆಂದರೆ ಹುಳವೂ ಇಲ್ಲ. ವರ್ಷ ವರ್ಷ ಇದನ್ನು ತರಗತಿಯಲ್ಲಿ ಹೇಳಿದ್ದೇನೆ, ಇವತ್ತು ನನಗೇ ಹೇಳಿಕೊಳ್ಳುತ್ತೇನೆ. ನಮ್ಮ ಬೆಟ್ಟದ ತೊರೆಗಳ ಸಿಗಡಿಗೆ ಏಡಿಯ ಹಾಗೆ ಇಕ್ಕಳದಂಥ ಎರಡು ಕೊಂಬು. ಅದರ ಚಿಪ್ಪಿನ ಮೇಲೆ, ಕಿವಿರಿನ ಪಕ್ಕದಲ್ಲಿ, ಗೇಣು ಹಾಕುತ್ತ ನಡೆಯುವ ಬಿಳಿ ಹುಳಗಳಿರುತ್ತವೆ. ಸಿಗಡಿಯ ಮೈಗೆ ಅಂಟಿದ ಕೊಳೆ ತಿಂದು ಬದುಕುತ್ತವೆ. ಅವಕ್ಕೆ ಅದೇ ಮನೆ, ಅದಕ್ಕೆ ಅವೇ ಜಾಡಮಾಲಿಗಳು. ಹುಳ ಚಿಪ್ಪಿಗೆ ಅಂಟಿಸಿದ ಮೊಟ್ಟೆ ಒಡೆಯಬೇಕಾದರೆ ಆ ಸಿಗಡಿ ಬದುಕಿರಬೇಕು.

ಒಂದೊಂದು ಕಣಿವೆಗೆ ಒಂದೊಂದು ಬಗೆ. ಬೆಟ್ಟದ ಏಣಿನ ಈ ಕಡೆಯ ನೀರು ಮೆಕ್ಸಿಕೋ ಕೊಲ್ಲಿಗೆ, ಆ ಕಡೆಯದು ಅಟ್ಲಾಂಟಿಕ್‌ಗೆ. ಹುಳಗಳಲ್ಲೂ ಈ ಕಡೆಯವರು, ಆ ಕಡೆಯವರು ಎಂದಿದೆ. ಯಾವ ಹೊಳೆಯಲ್ಲಿ ಯಾವುದು ಎಂದು ಗೋಡೆಯ ನಕ್ಷೆಗೆ ಗುಂಡುಸೂಜಿ ಚುಚ್ಚುತ್ತ ಬಂದಿದ್ದೇನೆ. ಬೆನ್ನಿನ ಮೇಲೆ ಬಾಚಣಿಗೆಯ ಹಲ್ಲಿನಂಥ ಚಾಚುಗಳಿರುವ ಒಂದು ಹುಳಕ್ಕೆ ಮಾತ್ರ ಇಡೀ ನಕ್ಷೆಯಲ್ಲಿ ಒಂದೇ ಸೂಜಿ. ಸೋರ್‌ವುಡ್ ತೊರೆ. ಅದನ್ನು ಮೊದಲು ಕಂಡವಳು ನಾನೇ.

ಮನೆಗೆ ಬಂದರೆ ಮುದುಕಿ ನಕ್ಷೆಯ ಮುಂದೆ ನಿಂತಿದ್ದಳು. "ಏನಿದು, ಮನೇಲಿ ಯುದ್ಧ ನಡೀತಿದ್ಯಾ?" ಎಂದಳು.

ಅಕ್ಟೋಬರ್ 21

ಕರೆಂಟ್ ಬಂತು. ಡ್ವೇನ್ ಬರಲಿಲ್ಲ.

ನನ್ನ ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ನನಗೇ ಗೊತ್ತಾಗುತ್ತಿಲ್ಲ. "ಒಲೆ ಪಕ್ಕ ಇರ್ಬೇಕಾದ್ದು ಒಲೆ ಪಕ್ಕ ಇರ್ಬೇಕು" ಎಂದು ಎಲ್ಲ ಡಬ್ಬಗಳನ್ನೂ ಮುದುಕಿ ಸ್ಥಳಾಂತರ ಮಾಡಿದ್ದಾಳೆ. ಹುಳ ಹಾಕಿಟ್ಟ ಸ್ಪಿರಿಟ್ಟಿನ ಸೀಸೆಗಳನ್ನು ಫ್ರಿಜ್ಜಿನಿಂದ ತೆಗೆದು ಹೊರಗಿನ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಿದ್ದಳು. ನಾನು ಕಿರುಚಿದೆ.

"ಬೆಣ್ಣೆ ಪಕ್ಕದಲ್ಲಿ ಹುಳ ಇಡೋ ಹೆಂಗಸನ್ನ ನಾನು ಕಂಡಿಲ್ಲಮ್ಮ. ಅದಕ್ಕೇ ನನ್ನ ಮಗ ಓಡಿಹೋದ."

"ನಿಮ್ಮ ಮಗ ಓಡಿಹೋಗಿದ್ದು ಟೈರ್ ಅಂಗಡಿ ಹುಡುಗಿ ಹಿಂದೆ."

ಮುದುಕಿ ಸೀಸೆಗಳನ್ನು ಒಂದೊಂದಾಗಿ ಒಳಗೆ ತಂದಿಟ್ಟಳು. ಬೆಣ್ಣೆಯನ್ನು ಮಾತ್ರ ಕೆಳಗಿನ ಅರೆಗೆ ಇಳಿಸಿದಳು.

ನವೆಂಬರ್ 3

ಸಿಕ್ಕವು! ವರ್ಡೀಯ ಜಮೀನಿನ ತಿರುವಿನಲ್ಲಿ ನೆರೆ ತಂದ ಮರಗಳೆಲ್ಲ ಒಂದರ ಮೇಲೊಂದು ಬಿದ್ದು ಅಡ್ಡಗಟ್ಟಿವೆ. ಅದರ ಹಿಂದೆ ಜಲ್ಲಿ ನಿಂತಿದೆ. ಬೇರುಗಳ ಕೆಳಗೆ ಕೈ ಹಾಕಿದರೆ ಒಂದು ಹೆಣ್ಣು ಸಿಗಡಿ ನನ್ನ ಬೆರಳನ್ನು ಕಚ್ಚಿ ಹಿಡಿಯಿತು. ಸಂತೋಷಕ್ಕೆ ಬಿಡಿಸಿಕೊಳ್ಳಲೇ ಇಲ್ಲ.

ಒಟ್ಟು ಆರೇಳು. ಇಡೀ ತೊರೆಯಲ್ಲಿ ಕಂಡವು ಇವಷ್ಟೇ. ಭೂತಗನ್ನಡಿ ಹಿಡಿದು ನೋಡಿದೆ. ಮೈ ಬರಿದು, ಹುಳ ಇಲ್ಲ. ಆದರೆ ಆ ಮರದ ರಾಶಿಯ ಒಳಗೆ ಇನ್ನೂ ಎಷ್ಟಿವೆಯೋ. ಒಂದರ ಮೇಲಾದರೂ ಇರಬಹುದು.

ನವೆಂಬರ್ 11

ಗುತ್ತಿಗೆಯವರು ಬಂದಿದ್ದರು. ಎಲ್ಲಿಯವರೋ, ಈ ಕಡೆಯ ಮಾತಲ್ಲ. ತೊರೆಗಳಲ್ಲಿ ಬಿದ್ದ ಮರ ತೆಗೆಯುವ ಕೆಲಸ ಅವರದು. ಬುಲ್ಡೋಜರನ್ನು ನೀರಿಗೇ ಇಳಿಸಿ ಮೇಲಿಂದ ಕೆಳಗೆ ಬಳಿದುಕೊಂಡು ಬರುತ್ತಾರೆ. ಜಮೀನಿನ ಒಡತಿ ಹೂಂ ಅಂದರೆ ಸಾಕು.

ವರ್ಡೀ ಹೂಂ ಅನ್ನಲು ತುದಿಗಾಲಲ್ಲಿದ್ದಳು. ನಾನು ನಡುವೆ ಬಾಯಿ ಹಾಕಿದೆ. ಅವರು ಹೋದ ಮೇಲೆ ಶುರುವಾಯಿತು.

"ಅದು ನನ್ನ ಜಾಗ ಕಣೇ. ಅದನ್ನ ಬಳಿದು ಚೊಕ್ಕ ಮಾಡಿದ್ರೆ ತಾನೇ ನಾನೊಂದು ಗುಡಿಸಲಾದ್ರೂ ಹಾಕಿಕೊಳ್ಳೋದು? ನಿನ್ನ ಮನೇಲಿ ಎಷ್ಟು ದಿನ ಅಂತ ಬಿದ್ದಿರ್ಲಿ?"

"ಆ ಮರ ತೆಗೆದ್ರೆ ಉಳಿದಿರೋ ನಾಲ್ಕು ಸಿಗಡೀನೂ ಸಾಯ್ತವೆ."

"ಸಿಗಡಿ! ನನ್ನ ಮದುವೆ ಪಿಂಗಾಣಿ ಹೋಯ್ತು, ಹಾಸಿಗೆ ಹೋಯ್ತು, ನನ್ನ ಗಂಡ ಹರ್ಷೆಲ್ ನೆಟ್ಟ ಸೇಬಿನ ಮರ ಹೋಯ್ತು. ಅದಕ್ಕೆ ಯಾರಾದ್ರೂ ಅತ್ರಾ? ನೀನು ಅತ್ತಿದ್ದು ಹುಳಕ್ಕೆ."

ನಾನು ಅತ್ತದ್ದನ್ನು ಅವಳು ಯಾವಾಗ ನೋಡಿದಳೋ.

ನವೆಂಬರ್ 12

ಬೀನ್ಸ್ ಸೀದಿತ್ತು. ಇಬ್ಬರೂ ತಿಂದೆವು.

ನವೆಂಬರ್ 15

ಅವಳೇ ಹೇಳಿದಳು: "ನನ್ನ ಜಾಗಕ್ಕೆ ಕರ್ಕೊಂಡು ಹೋಗು." ನೆರೆಯ ನಂತರ ಅವಳು ಅಲ್ಲಿಗೆ ಹೋಗಿರಲೇ ಇಲ್ಲ.

ದಾರಿಯಲ್ಲಿ ಪಕ್ಕದ ಕಣಿವೆಯ ತೊರೆ ಸಿಗುತ್ತದೆ. ಗುತ್ತಿಗೆಯವರು ಅಲ್ಲಿ ಕೆಲಸ ಮುಗಿಸಿದ್ದರು. ಗಾಡಿ ನಿಲ್ಲಿಸು ಎಂದಳು. ಇಳಿದು, ಕೋಲು ಊರಿ, ದಡದಲ್ಲಿ ನಿಂತಳು. ತೊರೆ ಚರಂಡಿಯ ಹಾಗೆ ನೇರವಾಗಿತ್ತು, ಎರಡೂ ಕಡೆ ಬುಲ್ಡೋಜರಿನ ಹಲ್ಲಿನ ಗುರುತು. ಬಹಳ ಹೊತ್ತು ನಿಂತಳು. ಚಳಿಗೆ ನಾನು ಕಾಲು ಬದಲಿಸುತ್ತಿದ್ದೆ.

"ಏನೂ ಕೇಳಿಸ್ತಿಲ್ವಲ್ಲೇ" ಎಂದಳು.

"ಏನು ಕೇಳಿಸ್ಬೇಕು?"

"ನೀರು. ಇದು ಮೂಗಿ ಆಗಿಹೋಗಿದೆ."

ನಿಜ. ಕಲ್ಲಿಲ್ಲದೆ, ಬೇರಿಲ್ಲದೆ, ನೀರು ಸದ್ದೇ ಮಾಡದೆ ಜಾರಿ ಹೋಗುತ್ತಿತ್ತು. ನಾನು ಅಷ್ಟು ಹೊತ್ತು ನಿಂತಿದ್ದರೂ ಅದನ್ನು ಗಮನಿಸಿರಲಿಲ್ಲ. ನಾನು ನೋಡುತ್ತಿದ್ದದ್ದು ತಳವನ್ನು.

ಅವಳ ತಿರುವಿನಲ್ಲಿ ಮನೆಯಿದ್ದ ಕಡೆ ನಾಲ್ಕು ಅಡಿಪಾಯದ ಕಲ್ಲು, ಅಷ್ಟೇ. ಅವಳು ಅತ್ತಳೇನೋ, ನಾನು ಮುಖ ನೋಡಲಿಲ್ಲ. ಮರದ ರಾಶಿಯ ನಡುವೆ ನೀರು ಗುಳುಗುಳು ಎನ್ನುತ್ತಿತ್ತು. ಮರಳುವಾಗ ಗಾಡಿಯಲ್ಲಿ ಹೇಳಿದಳು: "ಅರವತ್ತು ವರ್ಷ ಆ ಸದ್ದು ಕೇಳ್ಕೊಂಡು ಮಲಗಿದ್ದೀನಿ. ಮನೆ ಕಟ್ಟಿ ಸದ್ದಿಲ್ದೆ ಮಲಗು ಅಂದ್ರೆ ನನಗೆ ನಿದ್ದೆ ಬರುತ್ತಾ? ಬುಲ್ಡೋಜರ್ ಬೇಡ ಅಂತ ಹೇಳು ಆ ಗಂಡಸರಿಗೆ. ನಿನ್ನ ಹುಳಕ್ಕೋಸ್ಕರ ಅಂತ ತಿಳ್ಕೋಬೇಡ."

"ತಿಳ್ಕೊಳ್ಳಲ್ಲ."

ನವೆಂಬರ್ 23

ಬುಲ್ಡೋಜರ್ ಬೇಡವೆಂದರೆ ದಡದ ಮೇಲಿನ ಮರಗಳನ್ನು ತೆಗೆಯುವವರಾರು? ವರ್ಡೀ ಚರ್ಚಿನ ನಂತರ ಗ್ರೇಡಿ ಸ್ಟೇಮಿಯನ್ನು ಮೂಲೆಗೆ ತಳ್ಳಿ ನಿಲ್ಲಿಸಿದಳಂತೆ. ಗ್ರೇಡಿಗೆ ಎಪ್ಪತ್ತು. ಅವನಲ್ಲಿ ಎರಡು ಹೇಸರಗತ್ತೆಗಳಿವೆ. ಕುದುರೆಯಷ್ಟು ಎತ್ತರ, ಒಡೆಯನಷ್ಟೇ ಮೊಂಡು. ರಸ್ತೆ ಕೊಚ್ಚಿಹೋದಾಗ ಇಡೀ ಕಣಿವೆಗೆ ಔಷಧಿ, ಹಿಟ್ಟು ಹೊತ್ತು ತಂದವು ಅವೇ.

ಇವತ್ತು ದಿನವಿಡೀ ಕೆಲಸ. ಗ್ರೇಡಿ ದಡದಲ್ಲೇ ನಿಂತು ಸರಪಳಿ ಬಿಗಿಯುತ್ತಾನೆ, ಹೇಸರಗತ್ತೆಗಳು ಎಳೆಯುತ್ತವೆ, ಮರ ನೀರಿಗೆ ತಾಗದೆ ಹೊಲಕ್ಕೆ ಬರುತ್ತದೆ. ಯಾವ ಮರ ತೆಗೆಯಬೇಕು, ಯಾವುದು ಬೇಡ ಎಂದು ನಾನು ನೀರಿನಲ್ಲಿ ನಿಂತು ಹೇಳುತ್ತಿದ್ದೆ. ವರ್ಡೀ ಮಡಚು ಕುರ್ಚಿಯಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದಳು.

"ಗ್ರೇಡಿ, ಆ ಬುಡ ಮುಟ್ಟಬೇಡ. ಅದರ ಕೆಳಗೆ ಆರ್ಡಿತ್‌ಳ ಸಂಸಾರ ಇದೆ."

"ಎಂಥ ಸಂಸಾರ?"

"ಸಿಗಡಿ. ಅದರ ಮೇಲೆ ಹುಳ."

ಗ್ರೇಡಿ ಟೋಪಿ ಎತ್ತಿ ತಲೆ ಕೆರೆದುಕೊಂಡ. "ನಿಮ್ಮನೇಲಿ ಇಬ್ಬರಿಗೂ ತಲೆ ಸರಿ ಇದ್ಯಾ, ವರ್ಡೀ?"

"ಅವಳಿಗೆ ಮೊದಲಿಂದ್ಲೂ ಇಲ್ಲ. ನನಗೆ ಈಗ ಅಂಟಿಕೊಂಡಿದೆ. ನೀನು ಎಳಿ."

ನಾನು ಜೋರಾಗಿ ನಕ್ಕೆನೆಂದು ಕಾಣುತ್ತದೆ, ಒಂದು ಹೇಸರಗತ್ತೆ ಬೆಚ್ಚಿಬಿತ್ತು.

ಡಿಸೆಂಬರ್ 24

ಡ್ವೇನ್ ಬರುತ್ತಾನೆಂದು ವರ್ಡೀ ಬೆಳಿಗ್ಗೆಯೇ ಹ್ಯಾಮ್ ಒಲೆಗಿಟ್ಟಿದ್ದಳು. ಸಂಜೆಗೆ ಫೋನ್ ಬಂತು. ಕೆಲಸವಂತೆ, ಹಿಮವಂತೆ. "ಸರಿ ಕಣಪ್ಪ, ಜೋಪಾನ" ಎಂದು ಇಟ್ಟಳು.

ಹ್ಯಾಮ್ ಇಬ್ಬರಿಗೆ ಬಹಳ ದೊಡ್ಡದು. ಗ್ರೇಡಿಯನ್ನು ಕರೆದೆ. ಅವನು ಊಟದ ಮೇಜಿನಲ್ಲಿ ಹೇಸರಗತ್ತೆಗಳ ಗುಣಗಾನವನ್ನೇ ಮಾಡಿದ. ವರ್ಡೀ ಎರಡು ಸಲ ನಕ್ಕಳು.

ಜನವರಿ 17

ಆಸ್ಪತ್ರೆ. ಮೂರು ದಿನದಿಂದ ಜ್ವರ ಎಂದು ಹೇಳದೆ ವರ್ಡೀ ಅಡಗಿಸಿದ್ದಾಳೆ. ಬೆಳಿಗ್ಗೆ ತುಟಿ ನೀಲಿಯಾಗಿತ್ತು. ಎತ್ತಿಕೊಂಡೇ ಗಾಡಿಗೆ ಹಾಕಿದೆ, ಒಣ ಹುಲ್ಲಿನ ಹೊರೆಯಷ್ಟೂ ತೂಕವಿಲ್ಲ. ಎದೆಯಲ್ಲಿ ನೀರು ಕಟ್ಟಿದೆ ಎಂದರು.

ಒಳಗೆ ಬಿಡುವ ಮೊದಲು ನರ್ಸ್ ಕೇಳಿದಳು, "ನೀವು ಇವರಿಗೆ ಏನಾಗಬೇಕು?"

"ಸೊಸೆ" ಎಂದೆ. ಒಳಗೆ ಬಿಡಲಿ ಅಂತ, ಅಷ್ಟೇ.

ಜನವರಿ 18

ಉಸಿರು ಹಾಗೇ ಇದೆ.

ಜನವರಿ 20

ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟು, ಟ್ರೇ ನೋಡಿ, "ಇದನ್ನ ಗಂಜಿ ಅಂತಾರಾ ಇವರು?" ಎಂದರು. ಕಾರಿಡಾರಿಗೆ ಬಂದು ಗೋಡೆಗೆ ಒರಗಿ ನಿಂತೆ. ಬೆಳಿಗ್ಗೆಯಿಂದ ಕಾಫಿ ಕುಡಿದಿರಲಿಲ್ಲವಲ್ಲ, ಅದಕ್ಕಿರಬೇಕು.

ಫೆಬ್ರವರಿ 12

ಅತ್ತೆ ಈಗ ಅಡುಗೆಮನೆಯವರೆಗೆ ಕೋಲಿಲ್ಲದೆ ಬರುತ್ತಾರೆ. ಬಂದವರೇ ಉಪ್ಪಿನ ಡಬ್ಬ ಯಾರು ಸರಿಸಿದ್ದು ಎಂದು ಜಗಳ.

ಮಧ್ಯಾಹ್ನ ಹೊತ್ತು ಹೋಗದೆ ನನ್ನ ಮೈಕ್ರೊಸ್ಕೋಪಿನ ಪಕ್ಕ ಕುರ್ಚಿ ಎಳೆದುಕೊಂಡರು. ಬೇರೆ ಹೊಳೆಯ ಮಾಮೂಲಿ ಹುಳ ಒಂದನ್ನು ತೋರಿಸಿದೆ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಒತ್ತಿ ನೋಡಿದರು.

"ಥೂ. ಬಾಯಲ್ಲಿ ಹಲ್ಲಿದ್ಯಲ್ಲೇ!"

"ಎರಡು ದವಡೆ."

"ನಮ್ಮ ಚಿಕ್ಕಮ್ಮ ಓಪಲ್ ಥೇಟ್ ಹೀಗೇ ಇದ್ಲು" ಎಂದು ಇನ್ನೊಂದು ಸಲ ನೋಡಿದರು.

ಮಾರ್ಚ್ 6

ಸರ್ಕಾರದವರು ಅತ್ತೆಗೆ ಗಾಡಿಯಲ್ಲಿ ಎಳೆದು ತಂದು ನಿಲ್ಲಿಸುವ ಒಂದು ಟ್ರೈಲರ್ ಮನೆ ಕೊಡುತ್ತಾರಂತೆ, ಪೇಟೆಯ ಹತ್ತಿರದ ಮೈದಾನದಲ್ಲಿ. ಹೋಗಿ ನೋಡಿ ಬಂದೆ. ಸರಿಯಿಲ್ಲ. ಮೆಟ್ಟಿಲು ಕಡಿದಾಗಿದೆ, ಕಿಟಕಿ ಸಂದಿಯಲ್ಲಿ ಗಾಳಿ, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಮೆಟ್ಟಿಲು ಸರಿ ಮಾಡುತ್ತೇವೆ ಎಂದರು. ನೆಲ ಇಳಿಜಾರು ಎಂದೆ. ಅದನ್ನೂ ಸರಿ ಮಾಡುತ್ತೇವೆ ಎಂದರು. ಬೀದಿ ದೀಪ ನೇರ ಹಾಸಿಗೆಯ ಮೇಲೆ ಬೀಳುತ್ತದೆ ಎಂದೆ. ಆ ಮನುಷ್ಯ ಪೆನ್ನು ಕೆಳಗಿಟ್ಟು, "ಅಮ್ಮಾ, ನಿಮಗೆ ಬೇಕಾ ಬೇಡ್ವಾ?" ಎಂದು ಕೇಳಿದ.

ಅತ್ತೆಗೆ ಎಲ್ಲ ದೋಷಗಳನ್ನೂ ವಿವರಿಸಿದೆ. "ಅಷ್ಟು ಕೆಟ್ಟದಾಗಿದ್ಯಾ?" ಎಂದರು.

"ಬಹಳ."

"ಹಾಗಾದ್ರೆ ಬೇಡ ಬಿಡು" ಎಂದು ಹೆಣಿಗೆ ಮುಂದುವರಿಸಿದರು.

ಏಪ್ರಿಲ್ 19

ತಿರುವಿನಲ್ಲಿ ಸಿಗಡಿಗಳು ಚೆನ್ನಾಗಿವೆ. ಎರಡು ಹೆಣ್ಣುಗಳ ಬಾಲದಡಿ ಮೊಟ್ಟೆ, ಕಪ್ಪು ದ್ರಾಕ್ಷಿಗೊಂಚಲಿನ ಹಾಗೆ. ಒಂದೊಂದನ್ನೂ ಹಿಡಿದು, ಕೊಂಬಿನ ಸಂದು, ಹೊಟ್ಟೆ, ಕಿವಿರಿನ ಅಂಚು ಎಲ್ಲ ನೋಡಿದೆ. ಬಾಚಣಿಗೆ ಹುಳ ಒಂದೂ ಇಲ್ಲ. ಚಳಿಗಾಲವಿಡೀ ಮನಸ್ಸಿನಲ್ಲಿ ಮುಂದೂಡಿಕೊಂಡು ಬಂದ ಮಾತನ್ನು ಇವತ್ತು ಬರೆಯಬೇಕು: ಅದು ಹೋಗಿದೆ. ಇಡೀ ಲೋಕದಲ್ಲಿ ಇದ್ದದ್ದು ಇಲ್ಲೊಂದೇ ಕಡೆ, ಇಲ್ಲಿಲ್ಲ ಎಂದರೆ ಎಲ್ಲೂ ಇಲ್ಲ.

ಸಂಜೆ ನಕ್ಷೆಯಿಂದ ಆ ಸೂಜಿ ಕೀಳಲು ಹೋದೆ. ಅತ್ತೆ ಕಾಡು ಈರುಳ್ಳಿಯನ್ನು ಮೊಟ್ಟೆಯ ಜೊತೆ ಹುರಿಯುತ್ತಿದ್ದರು, ಮನೆಯೆಲ್ಲ ಘಾಟು. ಸೌಟು ಹಿಡಿದೇ ಬಂದು ನೋಡಿದರು.

"ಇವತ್ತೇ ಕೀಳ್ಬೇಕಾ? ಹಸಿದ ಹೊಟ್ಟೇಲಿ ಯಾವ ತೀರ್ಮಾನಾನೂ ಮಾಡ್ಬೇಡ. ಬಾ, ಆರುತ್ತೆ."

ತಿಂದ ಮೇಲೆ ಕೀಳಲು ಮರೆತೇಹೋಯಿತು.

ಜೂನ್ 8

ಮೊನ್ನೆ ಒಂದು ಫೋನ್ ಬಂದಿತ್ತು. ನಮ್ಮ ತೊರೆ ಸೇರುವ ಹೊಳೆಯ ಕೆಳಹರಿವಿನಲ್ಲಿ, ಇಲ್ಲಿಂದ ಗಾಡಿಯಲ್ಲಿ ಒಂದು ಗಂಟೆ ದಾರಿ, ಲೂವೆಲಿನ್ ಫೌಟ್ಸ್ ಎಂಬ ಹೆಂಗಸಿನ ಹುಲ್ಲುಗಾವಲಿನ ಬೇಲಿಗೆ ಒಂದು ಉಯ್ಯಾಲೆ ಸಿಕ್ಕಿಕೊಂಡಿದೆಯಂತೆ. ಜಗಲಿಯಲ್ಲಿ ತೂಗುಹಾಕುವ ಮರದ ಉಯ್ಯಾಲೆ. ಬೆನ್ನೊರಗಿನ ಹಿಂದೆ ಕೆತ್ತಿದ ಹೆಸರು ನೋಡಿ, ಅಲ್ಲಿ ಇಲ್ಲಿ ಕೇಳಿ, ನಮ್ಮ ನಂಬರ್ ಪತ್ತೆಮಾಡಿದ್ದಾಳೆ. ಹರ್ಷೆಲ್ ಮಾವ ಮದುವೆಯಾದ ವರ್ಷ ಅತ್ತೆಗೆಂದು ಮಾಡಿದ್ದು. ಅಷ್ಟು ದೂರ ತೇಲಿಹೋಗಿ ಒಂದು ಹಲಗೆ ಮಾತ್ರ ಮುರಿದಿದೆ.

ಇವತ್ತು ಇಬ್ಬರೂ ಅಲ್ಲಿಗೆ ಹೋದೆವು. ಅತ್ತೆ ಅದರ ಮೇಲೆ ಕೈಯಾಡಿಸಿ, "ಇದಕ್ಕೆ ಈಜು ಬರುತ್ತೆ ಅಂತ ಗೊತ್ತಿರ್ಲಿಲ್ಲ" ಎಂದರು. ಲೂವೆಲಿನ್ ಸಿಹಿ ಚಹಾ ತರಲು ಒಳಗೆ ಹೋದಳು. ಅತ್ತೆಗೆ ಸ್ವಲ್ಪ ಹೊತ್ತು ಒಬ್ಬರೇ ಇರಬೇಕಿತ್ತು. ನಾನು ಹೊಳೆಗೆ ಇಳಿದೆ.

ನೀರಿನ ಪಕ್ಕ ನಿಂತರೆ ಕೈ ಸುಮ್ಮನಿರುವುದಿಲ್ಲ. ಒಂದು ಕಲ್ಲು ಮಗುಚಿದೆ. ದೊಡ್ಡ ಹೊಳೆಯ ಸಿಗಡಿ, ಕಂದು ಮೈ, ಕೊಂಬಿನ ತುದಿ ಕೆಂಪು. ನಮ್ಮ ತೊರೆಯ ಜಾತಿಯೇ ಅಲ್ಲ. ಕೊಂಬಿನ ಮೇಲೆ ಒಂದೆರಡು ಬಿಳಿ ಚುಕ್ಕೆ. ಜೇಬಿನಿಂದ ಭೂತಗನ್ನಡಿ ತೆಗೆದೆ.

ಬೆನ್ನಿನ ಮೇಲೆ ಬಾಚಣಿಗೆ.

ನಂಬಲಿಲ್ಲ. ಬಿಸಿಲಿಗೆ ತಿರುಗಿಸಿ ಮತ್ತೆ ನೋಡಿದೆ. ಗೇಣು ಹಾಕಿತು, ನಿಂತಿತು, ಮತ್ತೆ ಗೇಣು ಹಾಕಿತು. ಇನ್ನೊಂದು ಕಲ್ಲಿನಡಿ ಇನ್ನೊಂದು ಸಿಗಡಿ, ಅದರ ಹೊಟ್ಟೆಯಡಿ ಮೂರು ಹುಳ, ಪಕ್ಕದಲ್ಲೇ ಅಂಟಿಸಿದ ಮೊಟ್ಟೆ. ನಮ್ಮ ತೊರೆಯ ಯಾವ ಸಿಗಡಿಯ ಮೇಲೆ ಕೂತು ಕೊಚ್ಚಿಕೊಂಡು ಬಂದವೋ, ಆ ಸಿಗಡಿ ಸತ್ತಿತೋ ಏನೋ, ಗುರುತು ಪರಿಚಯವಿಲ್ಲದ ಇವುಗಳ ಮೇಲೆ ಹತ್ತಿ ಚಳಿಗಾಲ ಕಳೆದಿವೆ.

"ಅತ್ತೇ!" ಎಂದು ಕೂಗಿದೆ. "ಅತ್ತೇ, ಇಲ್ಲಿವೆ!"

ಲೂವೆಲಿನ್ ಯಾರೋ ಮುಳುಗಿದರೆಂದು ಹಗ್ಗ ಹಿಡಿದು ಓಡಿಬಂದಳು.

ಜೂನ್ 10

ಬೆಳಿಗ್ಗೆ ಗ್ರೇಡಿ ಬಂದು ಹಲಗೆ ಬದಲಿಸಿ, ಜಗಲಿಯ ತೊಲೆಗೆ ಕೊಕ್ಕೆ ಹಾಕಿ, ಉಯ್ಯಾಲೆ ತೂಗುಬಿಟ್ಟ. ಭಾರ ತಡೆಯುತ್ತದೋ ನೋಡಬೇಕೆಂದು ತಾನೇ ಮೊದಲು ಕೂತ. ಅತ್ತೆ ಅವನನ್ನು ಎಬ್ಬಿಸಿದರು.

ಊಟವಾದ ಮೇಲೆ ಇಬ್ಬರೂ ಕೂತೆವು. ನನ್ನ ತೊಡೆಯ ಮೇಲೆ ಪರವಾನಗಿಯ ಅರ್ಜಿ. ಕೆಳಗಿನ ಹೊಳೆಯ ಹುಳಗಳಲ್ಲಿ ಕೆಲವನ್ನು ಸೋರ್‌ವುಡ್ ತಿರುವಿನ ಸಿಗಡಿಗಳ ಮೇಲೆ ಬಿಡಲು ಒಪ್ಪಿಗೆ ಬೇಕು. ಅಲ್ಲಿ ಈಗ ಮರಿಗಳೂ ಆಗಿವೆ.

"ಎಷ್ಟು ತಗೊಂಡು ಹೋಗ್ತೀಯ?" ಅತ್ತೆ ಕೇಳಿದರು.

"ಹತ್ತಿಪ್ಪತ್ತು ಸಾಕು. ಮೇಲಿನ ಸಿಗಡಿಗಳು ಇಟ್ಕೊಂಡ್ರೆ."

"ಇಟ್ಕೊಳ್ಳಲ್ವಾ?"

"ಹೇಳೋಕಾಗಲ್ಲ. ಕಾಲಲ್ಲಿ ಕೆರೆದು ಕೆರೆದು ಉದುರಿಸಿಬಿಡ್ತವೆ ಕೆಲವು. ಅದರಲ್ಲೂ ಒಂಟಿಯಾಗಿ ಇದ್ದು ಅಭ್ಯಾಸ ಆದವು."

ಇದಕ್ಕೆ ಅಧ್ಯಯನದ ಆಧಾರವೇನೂ ಇಲ್ಲ, ಬಾಯಿಗೆ ಬಂತು, ಅಂದೆ. ಅತ್ತೆ ಕಾಲಿಂದ ನೆಲ ಒದ್ದು ಉಯ್ಯಾಲೆಗೆ ವೇಗ ಕೊಟ್ಟರು. ನನ್ನ ಪೆನ್ನು ಅರ್ಜಿಯ ಮೇಲೆ ಉದ್ದಕ್ಕೆ ಗೀರಿತು.

"ಇಟ್ಕೊಳ್ತವೆ ಕಣೇ. ನಾಲ್ಕು ದಿನ ಬೈಕೊಳ್ತವೆ. ಆಮೇಲೆ ಇಟ್ಕೊಳ್ತವೆ."

ಇವರಿಗೆ ಹೇಗೆ ಗೊತ್ತು ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಬಟಾಣಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದರು. ಅರ್ಜಿ ಪಕ್ಕಕ್ಕಿಟ್ಟು ಸಿಪ್ಪೆ ಬಿಡಿಸುತ್ತ ಕೂತೆ.